ಅಪ್ಪನ ಮಾತ್ರೆ ಮುಚ್ಚುವ ತೂಬು

ಅಪ್ಪನ ಅಂಗಿಯ ಜೇಬಿನಲ್ಲಿ ಕೆಂಪು ಶಾಯಿಯ ಪೆನ್ನಿನ ಜೊತೆಗೆ ಡಯೋನಿಲ್ ಮಾತ್ರೆಯ ಶೀಟು ಯಾವಾಗಲೂ ಇರುತ್ತಿತ್ತು. ಮಧುಗಿರಿ ಸೀಮೆಯ ನಮ್ಮ ಹಳ್ಳಿಯಲ್ಲಿ ಅವರು ಪ್ರಾಥಮಿಕ ಶಾಲೆಯ ಮೇಷ್ಟರು. 42ನೇ ವಯಸ್ಸಿಗೇ ಸಕ್ಕರೆ ಕಾಯಿಲೆ ಹಿಡಿದಿತ್ತು. ಅಮ್ಮ ಒಲೆಯ ಮುಂದಿನಿಂದಲೇ "ಮಾತ್ರೆ ನುಂಗಿದಿರಾ?" ಎಂದು ಕೂಗುತ್ತಿದ್ದರು. ಅಪ್ಪ "ಹೂಂ" ಎಂದ ಮೇಲೆಯೇ ಹಂಚಿನಿಂದ ರೊಟ್ಟಿ ಇಳಿಯುತ್ತಿತ್ತು. ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಆ ಪ್ರಶ್ನೆಯಿಂದ.

1996ರ ಸಂಕ್ರಾಂತಿಗೆ ಇನ್ನೂ ಒಂದು ವಾರವಿತ್ತು. ನಾನು ಬಿ.ಫಾರ್ಮ ಎರಡನೇ ವರ್ಷದಲ್ಲಿದ್ದೆ, ರಜೆಗೆ ಊರಿಗೆ ಬಂದಿದ್ದೆ. ಅಪ್ಪ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದವರು, ಸಂಜೆಯ ಮಾತ್ರೆ ನುಂಗಿ, ಊಟವನ್ನು ಮನೆಯಲ್ಲೇ ಮಾಡಿದರಾಯಿತು ಎಂದು ಹೊರಟಿದ್ದರು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ರಾತ್ರಿ ಹತ್ತೂವರೆಗೆ ಬಾಗಿಲಲ್ಲಿ ಬಂದು ನಿಂತಾಗ ಆ ಚಳಿಯಲ್ಲೂ ಅವರ ಅಂಗಿ ಬೆವರಿಗೆ ತೊಯ್ದು ಮೈಗೆ ಅಂಟಿತ್ತು. ಕೈ ನಡುಗುತ್ತಿತ್ತು. ನನ್ನನ್ನು ಅತ್ತೆಯ ಹೆಸರಿನಿಂದ ಕರೆದರು. ಅಮ್ಮ ಒಂದು ಮಾತೂ ಆಡದೆ ಒಳಗೆ ಓಡಿ, ಬೆಲ್ಲದ ಅಚ್ಚು ಒಡೆದು, ನೀರಿಗೆ ಕದಡಿ ತಂದು ಲೋಟವನ್ನು ಅವರ ತುಟಿಗೆ ಹಿಡಿದರು. ಕಾಲು ಗಂಟೆಯಲ್ಲಿ ಅಪ್ಪ ಮತ್ತೆ ಅಪ್ಪನಾದರು. "ಯಾಕೆ ಎಲ್ಲರೂ ಹೀಗೆ ನೋಡುತ್ತಿದ್ದೀರಿ?" ಎಂದು ಕೇಳಿದರು.

ಆ ರಾತ್ರಿ ಮಾತ್ರೆಯ ಶೀಟನ್ನು ದೀಪಕ್ಕೆ ಹಿಡಿದು ಓದಿದೆ. ಗ್ಲಿಬೆನ್‌ಕ್ಲಮೈಡ್, 5 ಮಿಲಿಗ್ರಾಂ. ಚಿಟಿಕೆ ಉಪ್ಪಿಗಿಂತ ಕಡಿಮೆ ತೂಕದ ಈ ಪುಡಿ ಅಪ್ಪನಿಗೆ ಮಗಳ ಹೆಸರನ್ನೇ ಮರೆಸಿತ್ತು. ನಮ್ಮ ಪಠ್ಯಪುಸ್ತಕದಲ್ಲಿ ಅದರ ಬಗ್ಗೆ ಇದ್ದುದು 'ಇನ್ಸುಲಿನ್ ಸ್ರವಿಸುವಂತೆ ಪ್ರಚೋದಿಸುತ್ತದೆ' ಎಂಬ ಒಂದೇ ವಾಕ್ಯ. ಹೇಗೆ ಪ್ರಚೋದಿಸುತ್ತದೆ? ಹೊಟ್ಟೆಯಲ್ಲಿ ಅನ್ನವಿಲ್ಲದಾಗಲೂ ಅದು ಯಾಕೆ ಸುಮ್ಮನಿರುವುದಿಲ್ಲ? ಆ ಎರಡು ಪ್ರಶ್ನೆಗಳ ಬೆನ್ನು ಹತ್ತಿ ಹೊರಟವಳು ನಾನು. ನನ್ನ ಇಡೀ ವೃತ್ತಿಜೀವನ ಅವುಗಳ ಸುತ್ತಲೇ ಕಳೆದಿದೆ.

ಕಾಲೇಜಿನ ಗ್ರಂಥಾಲಯದಲ್ಲಿ ಉತ್ತರ ಸಿಕ್ಕಿದಾಗ ಅದು ನನಗೆ ಅಪರಿಚಿತವೆನಿಸಲಿಲ್ಲ. ತಾತ ನಮ್ಮೂರ ಕೆರೆಯ ನೀರುಗಂಟಿಯಾಗಿದ್ದವರು. ಯಾವ ಗದ್ದೆಗೆ ಎಷ್ಟು ನೀರು, ತೂಬು ಯಾವಾಗ ಎತ್ತಬೇಕು, ಯಾವಾಗ ಮುಚ್ಚಬೇಕು ಎನ್ನುವುದು ಅವರ ಮಾತು. ಊರ ಗೌಡರೂ ಅದನ್ನು ಮೀರುವಂತಿರಲಿಲ್ಲ. ನಮ್ಮ ದೇಹದ ಪ್ರತಿಯೊಂದು ಕೋಶದ ಪೊರೆಯಲ್ಲೂ ಅಂಥ ತೂಬುಗಳಿವೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಯಾನುಗಳು ಅವುಗಳ ಮೂಲಕ ಒಳಗೆ ಹೊರಗೆ ಹರಿಯುತ್ತವೆ. ವಿಜ್ಞಾನದ ಭಾಷೆಯಲ್ಲಿ ಅವು ಅಯಾನ್ ಚಾನೆಲ್‌ಗಳು. ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶದಲ್ಲಿ ಒಂದು ಬಗೆಯ ಪೊಟ್ಯಾಸಿಯಂ ತೂಬು ಇದೆ. ಅದರ ನೀರುಗಂಟಿ ಎಟಿಪಿ, ಅಂದರೆ ಕೋಶವು ಸಕ್ಕರೆಯನ್ನು ಉರಿಸಿ ಪಡೆಯುವ ಶಕ್ತಿಯ ನಾಣ್ಯ. ಉಂಡಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ, ಕೋಶದೊಳಗೆ ಎಟಿಪಿ ಏರುತ್ತದೆ, ಎಟಿಪಿ ಹೋಗಿ ತೂಬನ್ನು ಮುಚ್ಚುತ್ತದೆ. ಹೊರಗೆ ಹೋಗುತ್ತಿದ್ದ ಪೊಟ್ಯಾಸಿಯಂ ನಿಂತ ಕೂಡಲೇ ಪೊರೆಯ ವಿದ್ಯುತ್ ಒತ್ತಡ ಬದಲಾಗಿ ಕ್ಯಾಲ್ಸಿಯಂ ತೂಬುಗಳು ತೆರೆಯುತ್ತವೆ. ಒಳನುಗ್ಗಿದ ಕ್ಯಾಲ್ಸಿಯಂ ಇನ್ಸುಲಿನ್ ತುಂಬಿದ ಚೀಲಗಳನ್ನು ಹೊರಕ್ಕೆ ತಳ್ಳುತ್ತದೆ.

ಅಪ್ಪನ ಮಾತ್ರೆ ನೀರುಗಂಟಿಯನ್ನು ಕೇಳುವುದಿಲ್ಲ. ಸಕ್ಕರೆ ಇರಲಿ ಬಿಡಲಿ, ತಾನೇ ಹೋಗಿ ತೂಬು ಮುಚ್ಚಿಬಿಡುತ್ತದೆ. ಇನ್ಸುಲಿನ್ ಹೊರಟು ರಕ್ತದ ಸಕ್ಕರೆಯನ್ನು ಇನ್ನೂ ಇಳಿಸುತ್ತದೆ. ಕೆಟ್ಟು ನಿಂತ ಬಸ್ಸಿನಲ್ಲಿ ಹಸಿದು ಕುಳಿತಿದ್ದ ಅಪ್ಪನ ಮೈಯಲ್ಲಿ ಆಗಿದ್ದು ಅಷ್ಟೇ.

ಈ ಜಾತಿಯ ಔಷಧಿಗಳ ಗುಣ ಗೊತ್ತಾದದ್ದೂ ಇಂಥದೇ ಬೆವರು, ನಡುಕದಿಂದ ಎಂದು ಓದಿದಾಗ ಮೈ ಜುಮ್ಮೆಂದಿತು. 1942ರಲ್ಲಿ ಫ್ರಾನ್ಸಿನ ಮಾಂಪೆಲಿಯೆಯಲ್ಲಿ ವೈದ್ಯ ಮಾರ್ಸೆಲ್ ಜಾನ್‌ಬೋನ್ ವಿಷಮಶೀತ ಜ್ವರದ ರೋಗಿಗಳಿಗೆ ಹೊಸದೊಂದು ಸಲ್ಫಾ ಔಷಧಿ ಕೊಟ್ಟರು. ರೋಗಿಗಳ ರಕ್ತದ ಸಕ್ಕರೆ ಕುಸಿಯಿತು. ಅದೇ ಊರಿನ ಅಗಸ್ಟ್ ಲೂಬಾಟಿಯೇರ್ ಇದು ಮೇದೋಜ್ಜೀರಕದಿಂದ ಇನ್ಸುಲಿನ್ ಹೊರಡಿಸುವುದರ ಫಲ ಎಂದು ತೋರಿಸಿದರು. ಆದರೆ ಯಾವ ಬಾಗಿಲನ್ನು ತಟ್ಟಿ ಹೊರಡಿಸುತ್ತದೆ ಎಂಬುದು ತಿಳಿಯಲು ಮತ್ತೆ ನಾಲ್ಕು ದಶಕ ಬೇಕಾಯಿತು. 1983ರಲ್ಲಿ ಜಪಾನಿನ ಅಕಿನೋರಿ ನೋಮಾ ಎಟಿಪಿಗೆ ಮುಚ್ಚುವ ಪೊಟ್ಯಾಸಿಯಂ ಚಾನೆಲ್ ಒಂದನ್ನು ಕಂಡರು. ಮರುವರ್ಷವೇ, ಗ್ಲೂಕೋಸ್ ಕೊಟ್ಟರೆ ಬೀಟಾ ಕೋಶದ ಪೊಟ್ಯಾಸಿಯಂ ಚಾನೆಲ್ ಮುಚ್ಚುತ್ತದೆಂದು ಆಕ್ಸ್‌ಫರ್ಡ್‌ನ ಫ್ರಾನ್ಸಿಸ್ ಆಶ್‌ಕ್ರಾಫ್ಟ್ ತೋರಿಸಿದರು.

ನೋಮಾ ಅದನ್ನು ಮೊದಲು ಕಂಡದ್ದು ಮೇದೋಜ್ಜೀರಕದಲ್ಲಲ್ಲ, ಹೃದಯದಲ್ಲಿ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ. ಹೃದಯದಲ್ಲಿ ಈ ತೂಬು ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ರಕ್ತನಾಳ ಕಟ್ಟಿಕೊಂಡು ಎಟಿಪಿ ಬರಿದಾದಾಗ ತೆರೆದುಕೊಂಡು, ಸ್ನಾಯುವಿನ ದುಡಿತವನ್ನು ತಗ್ಗಿಸಿ ಉಳಿಸಲು ನೋಡುತ್ತದೆ. ಸಕ್ಕರೆ ಕಾಯಿಲೆಯವರಿಗೇ ಹೃದಯಾಘಾತ ಹೆಚ್ಚು. ಅವರು ದಿನಾ ನುಂಗುವ ಮಾತ್ರೆ ಆ ಆಪತ್ಕಾಲದ ತೂಬನ್ನೂ ಮುಚ್ಚಿದರೆ?

ಎಂ.ಫಾರ್ಮ ಮುಗಿಸಿ 2000ದಲ್ಲಿ ಬೆಂಗಳೂರಿನಲ್ಲಿ ಪಿಎಚ್‌ಡಿಗೆ ಸೇರಿದ್ದು ಈ ಪ್ರಶ್ನೆಯನ್ನು ಹೊತ್ತುಕೊಂಡು.

ಒಂದೊಂದೇ ಚಾನೆಲ್ ತೆರೆದು ಮುಚ್ಚುವುದನ್ನು ಕಾಣುವ ವಿಧಾನಕ್ಕೆ ಪ್ಯಾಚ್ ಕ್ಲ್ಯಾಂಪ್ ಎಂದು ಹೆಸರು. ಜರ್ಮನಿಯ ಗಾಟಿಂಗೆನ್‌ನಲ್ಲಿ ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್‌ಮನ್ 1976ರಲ್ಲಿ ಅದನ್ನು ಲೋಕಕ್ಕೆ ತೋರಿಸಿದರು. 1991ರ ನೊಬೆಲ್ ಅವರಿಗೆ ಬಂತು. ಓದಲು ಸುಲಭ. ಮಾಡಲು ನನಗೆ ಹನ್ನೊಂದು ತಿಂಗಳು ಹಿಡಿಯಿತು.

ಕೆಲಸ ಹೀಗೆ. ಬಳೆಯ ಗಾಜಿಗಿಂತ ತೆಳುವಾದ ಗಾಜಿನ ನಳಿಕೆಯನ್ನು ಯಂತ್ರಕ್ಕೆ ಸಿಕ್ಕಿಸಬೇಕು. ನಡುವಿನ ತಂತಿ ಕೆಂಪಗೆ ಕಾದು ಗಾಜು ಮೆತ್ತಗಾದಾಗ ಎರಡೂ ಕಡೆಯಿಂದ ಎಳೆಯುತ್ತದೆ. ಒಂದು ನಳಿಕೆ ಎರಡು ಪಿಪೆಟ್ ಆಗುತ್ತದೆ. ಅದರ ತುದಿ ಒಂದು ಮೈಕ್ರೋಮೀಟರ್ ಆಸುಪಾಸು, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಸೂಕ್ಷ್ಮದರ್ಶಕದ ಕೆಳಗೆ ಆ ತುದಿಯನ್ನು ಬಿಸಿ ತಂತಿಯ ಹತ್ತಿರ ಒಯ್ದು ನುಣುಪು ಮಾಡಬೇಕು. ಒಳಗೆ ಉಪ್ಪಿನ ದ್ರಾವಣ ತುಂಬಿ, ಗುಳ್ಳೆ ಉಳಿಯದಂತೆ ಬೆರಳಿನಿಂದ ತಟ್ಟಿ, ಬೆಳ್ಳಿಯ ತಂತಿಯ ಮೇಲೆ ಕೂರಿಸಬೇಕು. ಹಿಂದಿನಿಂದ ಒಂದು ಪ್ಲಾಸ್ಟಿಕ್ ಕೊಳವೆ ಬರುತ್ತದೆ. ಅದರ ಇನ್ನೊಂದು ತುದಿ ನನ್ನ ಬಾಯಲ್ಲಿ. ಪಿಪೆಟ್ಟನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಇಳಿಸುತ್ತಾ ಕೋಶದ ಮೈಗೆ ಮುಟ್ಟಿಸಿ, ಮಗುವಿನ ಕೆನ್ನೆಗೆ ಮುತ್ತಿಡುವಷ್ಟು ಮೆಲ್ಲಗೆ ಉಸಿರು ಒಳಗೆಳೆದುಕೊಳ್ಳಬೇಕು. ಎಲ್ಲವೂ ಕೂಡಿ ಬಂದರೆ ಪೊರೆಯ ಒಂದು ಚೂರು ಗಾಜಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಪರದೆಯ ಮೇಲಿನ ಚೌಕಾಕಾರದ ಅಲೆ ಕುಗ್ಗುತ್ತಾ ಕುಗ್ಗುತ್ತಾ ಒಮ್ಮೆಲೇ ಮಟ್ಟಸವಾದ ಗೆರೆಯಾಗುತ್ತದೆ. ಒಂದು ಗಿಗಾ ಓಮ್, ಅಂದರೆ ನೂರು ಕೋಟಿ ಓಮ್‌ಗಿಂತ ಹೆಚ್ಚಿನ ವಿದ್ಯುತ್ ತಡೆ. ಅದನ್ನು ನಾವು ಸೀಲ್ ಎನ್ನುತ್ತೇವೆ. ಸೀಲ್ ಆಗದಿದ್ದರೆ ಆ ಪಿಪೆಟ್ಟು ಕಸದ ಡಬ್ಬಿಗೆ. ಒಂದು ಪಿಪೆಟ್ಟನ್ನು ಎರಡನೇ ಸಲ ಬಳಸುವಂತಿಲ್ಲ.

ಮೊದಲ ತಿಂಗಳುಗಳಲ್ಲಿ ದಿನಕ್ಕೆ ನಲವತ್ತು ಐವತ್ತು ಪಿಪೆಟ್ಟುಗಳು ಕಸಕ್ಕೆ ಹೋದವು. ನನ್ನ ಜೊತೆ ಸೇರಿದವರು ಆ ಹೊತ್ತಿಗೆ ತಮ್ಮ ಮೊದಲ ನಕ್ಷೆಗಳನ್ನು ಗೋಡೆಗೆ ಅಂಟಿಸಿದ್ದರು. ನನ್ನ ದಿನಚರಿ ಪುಸ್ತಕದಲ್ಲಿ ಸಾಲು ಸಾಲಾಗಿ 'ಸೀಲ್ ಇಲ್ಲ' ಎಂದೇ ಇತ್ತು. ಮಾರ್ಗದರ್ಶಕರು ಒಂದು ಸಂಜೆ ಬಂದು ಹಿಂದೆ ನಿಂತು ನೋಡಿದರು. "ನೀನು ಅವಸರದಲ್ಲಿ ಎಳೆಯುತ್ತಿದ್ದೀಯಮ್ಮಾ. ಅದು ಬರುತ್ತದೆ, ನೀನು ಕಾಯಬೇಕು" ಎಂದು ಹೇಳಿ ಹೋದರು. ಎಳೆಯುವುದನ್ನು ನಿಲ್ಲಿಸಿ ಸುಮ್ಮನೆ ಕುಳಿತೆ. ಕೈ ಕಟ್ಟಿಕೊಂಡು ಪರದೆ ನೋಡುತ್ತಿದ್ದಂತೆಯೇ ಗೆರೆ ಮಟ್ಟಸವಾಯಿತು.

ಮೊದಲ ಬಾರಿ ಚಾನೆಲ್ ಕಂಡದ್ದು ಅದಾದ ಮೇಲೆ ಒಂದು ಶನಿವಾರ. ಪಿಪೆಟ್ಟನ್ನು ಹಿಂದಕ್ಕೆ ಸರಿಸಿದರೆ ಪೊರೆಯ ಚೂರು ಕೋಶದಿಂದ ಹರಿದು ಪಿಪೆಟ್ಟಿನ ತುದಿಯಲ್ಲೇ ಉಳಿಯುತ್ತದೆ. ಪೊರೆಯ ಒಳಮೈ ಈಗ ಹೊರಗಿನ ದ್ರಾವಣಕ್ಕೆ ತೆರೆದುಕೊಳ್ಳುತ್ತದೆ. ಎಟಿಪಿ ಇಲ್ಲದ ದ್ರಾವಣ ಹರಿಸಿದೆ. ಮಟ್ಟಸವಾಗಿದ್ದ ಗೆರೆ ತಟಕ್ಕನೆ ಒಂದು ಮೆಟ್ಟಿಲು ಇಳಿಯಿತು, ಮತ್ತೆ ಹತ್ತಿತು, ಇಳಿಯಿತು, ಒಂದರ ಮೇಲೊಂದು ಎರಡು ಮೆಟ್ಟಿಲು ಇಳಿಯಿತು. ಒಂದೊಂದು ಮೆಟ್ಟಿಲಿನ ಎತ್ತರ ಸುಮಾರು 4 ಪಿಕೋಆಂಪಿಯರ್. ಅಷ್ಟೆಂದರೆ ಸೆಕೆಂಡಿಗೆ ಎರಡೂವರೆ ಕೋಟಿ ಪೊಟ್ಯಾಸಿಯಂ ಅಯಾನುಗಳು ಒಂದೇ ಒಂದು ಅಣುವಿನ ನಡುವಿನ ರಂಧ್ರದಿಂದ ಹಾದುಹೋಗುವ ಹರಿವು. ಆಮೇಲೆ ಎಟಿಪಿ ಇದ್ದ ದ್ರಾವಣಕ್ಕೆ ತಿರುಗಿಸಿದೆ. ಮೆಟ್ಟಿಲುಗಳೆಲ್ಲ ಮಾಯವಾದವು. ತೆಗೆದೆ, ಮರಳಿ ಬಂದವು. ಗ್ಲಿಬೆನ್‌ಕ್ಲಮೈಡ್ ಹಾಕಿದೆ. ಅಪ್ಪನ ಜೇಬಿನಲ್ಲಿದ್ದ ಔಷಧಿ ನನ್ನ ಕಣ್ಣ ಮುಂದೆ ತೂಬು ಮುಚ್ಚಿತು. ಪ್ರಯೋಗಾಲಯದಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಅತ್ತುಬಿಟ್ಟೆ.

ಈ ಚಾನೆಲ್ ಎರಡು ಬಗೆಯ ಪ್ರೋಟೀನುಗಳ ಕೂಡುಕುಟುಂಬ ಎಂಬುದು 1995ರಲ್ಲಿ ಗೊತ್ತಾಗಿತ್ತು. ನಡುವಿನ ರಂಧ್ರ ಮಾಡುವುದು ಕಿರ್ 6.2 ಎಂಬ ಪ್ರೋಟೀನಿನ ನಾಲ್ಕು ಪ್ರತಿಗಳು. ಅವುಗಳ ಸುತ್ತ ಕಾವಲಿನವರ ಹಾಗೆ ಎಸ್‌ಯುಆರ್ ಎಂಬ ದೊಡ್ಡ ಪ್ರೋಟೀನಿನ ನಾಲ್ಕು ಪ್ರತಿಗಳು ನಿಂತಿವೆ. ಮಾತ್ರೆ ಹಿಡಿಯುವುದು ಈ ಕಾವಲಿನವರನ್ನು. ಮೇದೋಜ್ಜೀರಕದಲ್ಲಿರುವುದು ಎಸ್‌ಯುಆರ್ 1, ಹೃದಯದ ಕುಹರದ ಸ್ನಾಯುವಿನಲ್ಲಿ ಮುಖ್ಯವಾಗಿ ಎಸ್‌ಯುಆರ್ 2ಎ. ಗ್ಲಿಬೆನ್‌ಕ್ಲಮೈಡ್ ಇಬ್ಬರನ್ನೂ ಹಿಡಿಯುತ್ತದೆ. ಅದರದೇ ಬಳಗದ ಗ್ಲಿಕ್ಲಜೈಡ್ ಮೊದಲನೆಯದನ್ನು ಹಿಡಿದು ಎರಡನೆಯದನ್ನು ಬಹುಪಾಲು ಬಿಟ್ಟುಬಿಡುತ್ತದೆ. ಒಂದೇ ಕುಲದ ಎರಡು ಮಾತ್ರೆಗಳ ನಡುವೆ ಇಷ್ಟು ಅಂತರವಿದೆ ಎಂಬುದು ಔಷಧಿ ಅಂಗಡಿಯ ಕಪಾಟಿನಲ್ಲಿ ಕಾಣುವುದಿಲ್ಲ.

2003ರ ಜೂನ್‌ನಲ್ಲಿ ಊರಿಗೆ ಫೋನ್ ಮಾಡಿದಾಗ ಅಪ್ಪ "ಸ್ವಲ್ಪ ಸುಸ್ತು, ಶಾಲೆಯ ದಿಬ್ಬ ಹತ್ತಿದರೆ ಏದುಸಿರು, ಅಷ್ಟೇ" ಎಂದರು. ಊರಿನ ಹತ್ತಿರದ ಚಿಕಿತ್ಸಾಲಯವೊಂದರಲ್ಲಿ ಗ್ಯಾಸ್ಟ್ರಿಕ್ ಎಂದು ಹೇಳಿ ಮಾತ್ರೆ ಕೊಟ್ಟು ಕಳಿಸಿದ್ದರು. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇರುವವರಲ್ಲಿ ನರಗಳು ಮಂಕಾಗಿ ಎದೆನೋವೇ ಇಲ್ಲದೆ ಹೃದಯಾಘಾತವಾಗಬಹುದು ಎಂದು ನಾನು ಆ ವಾರವಷ್ಟೇ ಒಂದು ಸೆಮಿನಾರಿನಲ್ಲಿ ಮಾತನಾಡಿದ್ದೆ. ಆದರೂ ಫೋನಿನಲ್ಲಿ ನನಗೆ ಹೊಳೆಯಲಿಲ್ಲ. "ವಿಶ್ರಾಂತಿ ತೆಗೆದುಕೊಳ್ಳಿ ಅಪ್ಪಾ" ಎಂದು ಇಟ್ಟುಬಿಟ್ಟೆ. ಎರಡು ದಿನದ ಮೇಲೆ ತುಮಕೂರಿನಲ್ಲಿ ಇಸಿಜಿ ತೆಗೆದಾಗ ಹೃದಯದ ಮುಂಭಾಗದ ಗೋಡೆಗೆ ಪೆಟ್ಟಾಗಿರುವುದು ತಿಳಿಯಿತು. ಅಪ್ಪ ಉಳಿದರು. ಹೃದಯದ ಬಲ ಪೂರ್ತಿ ಮರಳಲಿಲ್ಲ. ಇಪ್ಪತ್ತು ವರ್ಷದ ಮೇಲೂ ಆ ಫೋನ್ ಕರೆಯನ್ನು ನಾನು ಮನಸ್ಸಿನಲ್ಲಿ ಬೇರೆ ರೀತಿಯಲ್ಲಿ ಮಾತನಾಡುತ್ತಿರುತ್ತೇನೆ. ಸಕ್ಕರೆ ಕಾಯಿಲೆಯವರು ಕಾರಣವಿಲ್ಲದ ಸುಸ್ತು, ಹೊಸದಾಗಿ ಬಂದ ಏದುಸಿರು ಎಂದರೆ ಮೊದಲು ಇಸಿಜಿ ತೆಗೆಸಿ. ಈ ಒಂದು ಮಾತನ್ನು ನನ್ನ ಪ್ರತಿಯೊಂದು ತರಗತಿಯಲ್ಲೂ ಹೇಳುತ್ತೇನೆ.

ಮಾತ್ರೆಯೇ ಕಾರಣವೇ ಎಂದು ಅಮ್ಮ ನೇರವಾಗಿ ಕೇಳಿದರು. ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡುವುದಕ್ಕೆ ನಾನು ಬಹಳ ಓದಬೇಕಾಯಿತು. 1970ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಇದೇ ಬಳಗದ ಟಾಲ್ಬುಟಮೈಡ್ ನುಂಗಿದವರಲ್ಲಿ ಹೃದಯದ ಸಾವು ಹೆಚ್ಚು ಎಂದು ಹೇಳಿ ಗುಲ್ಲೆಬ್ಬಿಸಿತ್ತು. 1986ರಲ್ಲಿ ಇನ್ನೊಂದು ವಿಚಿತ್ರ ತಿಳಿಯಿತು: ನಾಯಿಯ ಹೃದಯದ ರಕ್ತನಾಳವನ್ನು ಐದೈದು ನಿಮಿಷ ನಾಲ್ಕು ಬಾರಿ ಕಟ್ಟಿ ಬಿಟ್ಟು, ಆಮೇಲೆ 40 ನಿಮಿಷ ಕಟ್ಟಿದರೆ, ಸಾಯುವ ಸ್ನಾಯು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತಿತ್ತು. ಚಿಕ್ಕ ಪೆಟ್ಟು ತಿಂದ ಹೃದಯ ದೊಡ್ಡ ಪೆಟ್ಟಿಗೆ ಸಿದ್ಧವಾಗುತ್ತದೆ. ಗ್ಲಿಬೆನ್‌ಕ್ಲಮೈಡ್ ಕೊಟ್ಟರೆ ಆ ರಕ್ಷಣೆ ಹೋಗಿಬಿಡುತ್ತಿತ್ತು. ಪ್ರಾಣಿಗಳಲ್ಲಿ ನನ್ನ ಭಯಕ್ಕೆ ಆಧಾರವಿತ್ತು. ಆದರೆ 1998ರಲ್ಲಿ ಬಂದ ಬ್ರಿಟನ್ನಿನ ದೀರ್ಘ ಅಧ್ಯಯನದಲ್ಲಿ ಈ ಮಾತ್ರೆಗಳಿಂದ ಹೃದಯಾಘಾತ ಹೆಚ್ಚಿದ್ದು ಕಾಣಲಿಲ್ಲ. 2019ರಲ್ಲಿ ಇದೇ ಬಳಗದ ಗ್ಲಿಮೆಪಿರೈಡ್ ಮಾತ್ರೆಯನ್ನು ಬೇರೆ ಬಳಗದ ಲಿನಾಗ್ಲಿಪ್ಟಿನ್ ಜೊತೆ ಹೋಲಿಸಿ ನೋಡಿದಾಗಲೂ ಹೃದಯದ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ನಾನು ಅಮ್ಮನಿಗೆ "ಮಾತ್ರೆಯ ಮೇಲೆ ತಪ್ಪು ಹೊರಿಸಲು ನನ್ನ ಹತ್ತಿರ ಪುರಾವೆ ಇಲ್ಲ" ಎಂದೆ. ವರ್ಷಗಟ್ಟಲೆ ಒಂದು ಊಹೆಯನ್ನು ಸಾಕಿದವಳಿಗೆ ಆ ಮಾತು ಹೇಳುವುದು ಕಷ್ಟ. ಆದರೆ ಪಿಪೆಟ್ಟಿನ ತುದಿಯಲ್ಲಿ ನಿಜವಾದದ್ದು ಮನುಷ್ಯನ ಬದುಕಿನಲ್ಲಿಯೂ ನಿಜವಾಗಲೇಬೇಕೆಂದಿಲ್ಲ ಎನ್ನುವುದನ್ನು ಒಪ್ಪದವರು ಔಷಧಶಾಸ್ತ್ರ ಕಲಿಸಬಾರದು ಎಂದು ನನ್ನ ಗಟ್ಟಿ ನಂಬಿಕೆ. ವಯಸ್ಸಾದವರಲ್ಲಿ ಸಕ್ಕರೆ ಅಪಾಯಕರವಾಗಿ ಇಳಿಯುತ್ತದೆ ಎಂಬ ಬೇರೆ ಕಾರಣಕ್ಕೆ ಅಪ್ಪನ ವೈದ್ಯರು ಗ್ಲಿಬೆನ್‌ಕ್ಲಮೈಡ್ ನಿಲ್ಲಿಸಿದರು. ಅದು ಸರಿಯಾದ ಕೆಲಸವೇ.

2005ರಲ್ಲಿ ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯಕ್ಕೆ ಹೋದೆ. ಆ ವರ್ಷಗಳಲ್ಲಿ ನಮ್ಮ ಕ್ಷೇತ್ರದಲ್ಲಿ ಮಾತೆಲ್ಲ ಮಕ್ಕಳದೇ. ಹುಟ್ಟಿದ ಆರು ತಿಂಗಳೊಳಗೆ ಸಕ್ಕರೆ ಕಾಯಿಲೆ ಬರುವ ಶಿಶುಗಳಿಗೆ ಇನ್ಸುಲಿನ್ ಚುಚ್ಚುವುದೊಂದೇ ದಾರಿ ಎಂದು ಎಲ್ಲರೂ ನಂಬಿದ್ದರು. 2004ರಲ್ಲಿ ಎಕ್ಸೆಟರ್‌ನ ಆ್ಯಂಡ್ರ್ಯೂ ಹ್ಯಾಟರ್ಸ್‌ಲೀ, ಅನ್ನಾ ಗ್ಲಾಯ್ನ್ ಮತ್ತು ಸಂಗಡಿಗರು ಇವರಲ್ಲಿ ಹಲವರಿಗೆ ಕಿರ್ 6.2ರ ವಂಶವಾಹಿಯಲ್ಲಿ ಒಂದಕ್ಷರದ ತಪ್ಪಿದೆ ಎಂದು ತೋರಿಸಿದರು. ಆ ತಪ್ಪಿನಿಂದಾಗಿ ತೂಬು ಎಟಿಪಿಯ ಮಾತಿಗೆ ಬಗ್ಗುವುದಿಲ್ಲ. ಮಗು ಎಷ್ಟು ಹಾಲು ಕುಡಿದರೂ ತೂಬು ತೆರೆದೇ ಇರುತ್ತದೆ. ಗ್ರಂಥಿಯ ತುಂಬ ಇನ್ಸುಲಿನ್ ಇದ್ದೂ ಒಂದು ಹನಿ ಹೊರಡುವುದಿಲ್ಲ.

ನೀರುಗಂಟಿಯ ಮಾತು ಕೇಳದ ತೂಬನ್ನು, ನೀರುಗಂಟಿಯನ್ನೇ ಕೇಳದ ಮಾತ್ರೆ ಮುಚ್ಚಬಹುದಲ್ಲವೇ? 2006ರಲ್ಲಿ ಪ್ರಕಟವಾದ ಫಲಿತಾಂಶ: ಇಂಥ 49 ಜನರಿಗೆ ಅಪ್ಪನ ಮಾತ್ರೆಯದೇ ಬಳಗದ, ಅಂದರೆ ಸಲ್ಫೊನೈಲ್ಯೂರಿಯಾ ಬಳಗದ ಮಾತ್ರೆ ಕೊಟ್ಟು ನೋಡಿದರು, 44 ಜನ ಇನ್ಸುಲಿನ್ ಚುಚ್ಚುವುದನ್ನೇ ಬಿಟ್ಟರು. 1996ರಲ್ಲಿ ಯಾವ ಗುಣ ಅಪ್ಪನನ್ನು ಬಾಗಿಲಲ್ಲಿ ನಡುಗಿಸಿತ್ತೋ, ಅದೇ ಗುಣ ಈ ಮಕ್ಕಳ ಸೂಜಿ ಬಿಡಿಸಿತು. ನನ್ನ ಕೆಲಸ ಅಲ್ಲಿ ಬಹಳ ಚಿಕ್ಕದು. ಕೋಶಗಳಲ್ಲಿ ಆ ತಪ್ಪಿರುವ ಚಾನೆಲ್‌ಗಳನ್ನು ಬೆಳೆಸಿ, ಎಟಿಪಿಗೆ ಎಷ್ಟು ಬಗ್ಗುತ್ತವೆ, ಔಷಧಿಗೆ ಎಷ್ಟು ಬಗ್ಗುತ್ತವೆ ಎಂದು ಅಳೆಯುವುದು. ಒಂದು ಪಿಪೆಟ್ಟು, ಒಂದು ಚೂರು, ಒಂದು ಅಳತೆ. ಪೊರೆಯ ಚೂರು ಹರಿದ ಕೆಲವೇ ನಿಮಿಷಗಳಲ್ಲಿ ಈ ಚಾನೆಲ್ ತಾನಾಗಿಯೇ ಸೋತು ಮಲಗುತ್ತದೆ. ಆದ್ದರಿಂದ ಕೈ ಚುರುಕಾಗಿರಬೇಕು, ಮನಸ್ಸು ಮಾತ್ರ ಆತುರಪಡಬಾರದು. ನಾಲ್ಕು ಚಳಿಗಾಲ ಕತ್ತಲೆಯ ಕೋಣೆಯಲ್ಲಿ ಹೀಗೆ ಕಳೆದೆ. ಒಂದು ದಿನವೂ ಬೇಸರವಾಗಲಿಲ್ಲ.

2009ರಲ್ಲಿ ಮರಳಿ ಬಂದು ಕರ್ನಾಟಕದಲ್ಲೇ ಅಧ್ಯಾಪಕಿಯಾದೆ. ಯಂತ್ರಗಳಿಗೆ ಅನುದಾನ ಸಿಗಲು ಎರಡು ವರ್ಷ, ಅದರ ಕತೆ ಎಲ್ಲರ ಕತೆಯೇ. ಕೊನೆಗೊಮ್ಮೆ ಕಂಪನ ತಾಗದ ಮೇಜು, ತಂತಿಬಲೆಯ ಪಂಜರ, ಆಂಪ್ಲಿಫೈಯರ್ ಎಲ್ಲ ಜೋಡಿಸಿ ಚಾಲೂ ಮಾಡಿದಾಗ ಪರದೆಯ ಮೇಲೆ ಅಲೆಅಲೆಯಾಗಿ ಕರೆಂಟಿನ 50 ಹರ್ಟ್ಸ್ ಗುಂಯ್ಗುಡುವಿಕೆ. ನಾನು ಹುಡುಕುವ 4 ಪಿಕೋಆಂಪಿಯರ್ ಮೆಟ್ಟಿಲು ಅದರಡಿ ಮುಳುಗಿಹೋಗಿತ್ತು. ಟ್ಯೂಬ್‌ಲೈಟ್ ಆರಿಸಿದೆವು, ಫ್ಯಾನ್ ನಿಲ್ಲಿಸಿದೆವು, ಫ್ರಿಜ್ಜನ್ನು ಪಕ್ಕದ ಕೋಣೆಗೆ ಸಾಗಿಸಿದೆವು. ಏಪ್ರಿಲ್ ತಿಂಗಳ ಸೆಖೆಯಲ್ಲಿ ಮೂರು ವಾರ ಒಂದೊಂದೇ ವೈರು ಬಿಚ್ಚಿ ಕಟ್ಟಿದೆವು. ಗುಂಯ್ಗುಡುವಿಕೆ ಕದಲಲಿಲ್ಲ.

ಕಟ್ಟಡದ ನಿರ್ವಹಣೆಗಿದ್ದ ಹಿರಿಯ ಎಲೆಕ್ಟ್ರಿಷಿಯನ್ ಒಂದು ಮಧ್ಯಾಹ್ನ ಬಂದು ಎಲ್ಲವನ್ನೂ ನೋಡಿ, "ಮೇಡಂ, ಅರ್ಥಿಂಗ್ ಗುಂಡಿಗೆ ನೀರು ಹಾಕಿ ಎಷ್ಟು ದಿನವಾಯಿತು?" ಎಂದು ಕೇಳಿದರು. ಅಂಥದೊಂದು ಗುಂಡಿ ಇದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಕಟ್ಟಡದ ಹಿಂದೆ ಹೊಂಗೆ ಮರದ ಕೆಳಗೆ ಮುಚ್ಚಳ ಒಡೆದ ಗುಂಡಿ, ಒಳಗಿನ ಮಣ್ಣು ಬಿರುಕು ಬಿಟ್ಟು ಒಣಗಿತ್ತು. ಅವರೇ ನಿಂತು ನಮ್ಮ ಕೋಣೆಗೆಂದೇ ಬೇರೆ ಗುಂಡಿ ತೋಡಿಸಿದರು. ಕೆಳಗೆ ತಾಮ್ರದ ಹಲಗೆ, ಅದರ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು. ಮೇಲಿನಿಂದ ಆರು ಕೊಡ ನೀರು. ಅಲ್ಲಿಂದ ತಾಮ್ರದ ಪಟ್ಟಿ ನೇರ ನಮ್ಮ ಮೇಜಿಗೆ. ಸಂಜೆ ಯಂತ್ರ ಹಾಕಿದಾಗ ಗೆರೆ ಒರೆಸಿದ ಹಾಗೆ ಶುಭ್ರವಾಗಿತ್ತು. ನಮ್ಮ ಪ್ರಯೋಗಾಲಯದ ಮೊದಲ ಪ್ರಬಂಧದ ಕೃತಜ್ಞತೆಯಲ್ಲಿ ಅವರ ಹೆಸರಿದೆ. ಬೇಸಿಗೆಯಲ್ಲಿ ಪ್ರತಿ ಸೋಮವಾರ ಆ ಗುಂಡಿಗೆ ಎರಡು ಕೊಡ ನೀರು ಹಾಕುವುದು ಇಂದಿಗೂ ನನ್ನ ವಿದ್ಯಾರ್ಥಿಗಳ ಪಾಳಿ.

ಹೃದಯದ ಕೋಶಗಳನ್ನು ಬಿಡಿಸುವ ಕೆಲಸ ಇನ್ನೊಂದು ತಪಸ್ಸು. ಇಲಿಯ ಹೃದಯವನ್ನು, ಆಸ್ಕರ್ ಲಾಂಗೆನ್‌ಡಾರ್ಫ್ 1895ರಲ್ಲಿ ತೋರಿಸಿಕೊಟ್ಟ ಹಾಗೆ, ಮಹಾಅಪಧಮನಿಯ ಮೂಲಕ ನೇತುಹಾಕಿ ಬೆಚ್ಚಗಿನ ದ್ರಾವಣ ಹರಿಸಬೇಕು. ಮೊದಲು ಕ್ಯಾಲ್ಸಿಯಂ ಇಲ್ಲದ ದ್ರಾವಣ, ಆಮೇಲೆ ಕೊಲ್ಯಾಜಿನೇಸ್ ಎಂಬ ಕಿಣ್ವ. ಅಂಗಾಂಶ ಸಡಿಲಗೊಂಡ ಮೇಲೆ ಕ್ಯಾಲ್ಸಿಯಮನ್ನು ಹನಿಹನಿಯಾಗಿ ಮರಳಿ ಕೊಡಬೇಕು. ಒಮ್ಮೆಲೇ ಕೊಟ್ಟರೆ ಎಲ್ಲ ಕೋಶಗಳೂ ಸೆಟೆದು ಸಾಯುತ್ತವೆ. ಬದುಕಿದ ಕೋಶ ಇಟ್ಟಿಗೆಯಂತೆ ಉದ್ದಕ್ಕೆ, ಮೈಮೇಲೆ ಅಡ್ಡ ಪಟ್ಟೆ, ಸತ್ತದ್ದು ಗುಂಡಗೆ. 2013ರಲ್ಲಿ ಆರು ವಾರ ನಮಗೆ ಸಿಕ್ಕಿದ್ದೆಲ್ಲ ಗುಂಡು ಕೋಶಗಳೇ. ತಪ್ಪು ನಮ್ಮದೆಂದು ಪಾಪ ನನ್ನ ವಿದ್ಯಾರ್ಥಿನಿ ಕಣ್ಣೀರಿಟ್ಟಳು. ಹುಡುಕುತ್ತಾ ಹೋದರೆ, ಕಿಣ್ವದ ಪೊಟ್ಟಣ ತಂಪು ಸಿಗದೆ ಬಹಳ ದಿನ ಸರಕು ಗೋದಾಮಿನಲ್ಲಿ ಬಿದ್ದಿತ್ತು.

ಆಗ ಅವಳಿಗೆ ಸಿಡ್ನಿ ರಿಂಗರ್ ಕತೆ ಹೇಳಿದೆ. 1880ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ರಿಂಗರ್ ಬರೀ ಸೋಡಿಯಂ, ಪೊಟ್ಯಾಸಿಯಂ ಉಪ್ಪಿನ ನೀರಿನಲ್ಲಿ ಕಪ್ಪೆಯ ಹೃದಯ ಗಂಟೆಗಟ್ಟಲೆ ಬಡಿಯುತ್ತದೆ ಎಂದು ಬರೆದರು. ಆಮೇಲೆ ತಿಳಿಯಿತು, ಅವರ ಸಹಾಯಕ ಬಟ್ಟಿ ಇಳಿಸಿದ ನೀರಿನ ಬದಲು ನಲ್ಲಿ ನೀರು ಬಳಸಿದ್ದ. ಶುದ್ಧ ನೀರಿನಲ್ಲಿ ಮಾಡಿದರೆ ಹೃದಯ ಸ್ವಲ್ಪ ಹೊತ್ತಿಗೇ ನಿಂತುಹೋಯಿತು. ನಲ್ಲಿ ನೀರಿನ ಸುಣ್ಣದಲ್ಲಿದ್ದ ಕ್ಯಾಲ್ಸಿಯಂ ಇಲ್ಲದೆ ಹೃದಯ ಬಡಿಯುವುದಿಲ್ಲ ಎಂಬ ಮಹಾ ಸತ್ಯ ಹೊರಬಿದ್ದದ್ದು ಹಾಗೆ. ರಿಂಗರ್ ತಮ್ಮ ಮೊದಲ ಬರಹದ ತಪ್ಪನ್ನು ತಾವೇ ಅಚ್ಚು ಹಾಕಿಸಿದರು. ಆಸ್ಪತ್ರೆಯಲ್ಲಿ ಇಂದು ಏರಿಸುವ ರಿಂಗರ್ ಲ್ಯಾಕ್ಟೇಟ್ ಬಾಟಲಿಯಲ್ಲಿ ಅವರ ಹೆಸರಿದೆ.

ಇಲಿಗಳ ವಿಷಯ ಬರೆಯದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ನೈತಿಕ ಸಮಿತಿಯ ಅನುಮತಿ, ಅರಿವಳಿಕೆ, ಲೆಕ್ಕಪತ್ರ ಎಲ್ಲವೂ ಇದ್ದವು. ಆದರೂ ಬೆಚ್ಚಗಿನ ಆ ಜೀವವನ್ನು ಅಂಗೈಯಲ್ಲಿ ಹಿಡಿದ ಪ್ರತಿ ಬೆಳಿಗ್ಗೆಯೂ ನನಗೆ ಭಾರವೇ. ಒಂದು ಕೋಶವೂ ವ್ಯರ್ಥವಾಗಬಾರದು ಎಂದು ಅಂಥ ದಿನಗಳಲ್ಲಿ ನಾವು ರಾತ್ರಿಯವರೆಗೆ ಏಳುತ್ತಿರಲಿಲ್ಲ. ಈಗ ಮನುಷ್ಯರ ಚರ್ಮ ಅಥವಾ ರಕ್ತದ ಕೋಶದಿಂದಲೇ ಹೃದಯದ ಕೋಶ ಬೆಳೆಸುವುದು ಸಾಧ್ಯವಾಗಿದೆ, ನಮ್ಮ ಅರ್ಧಕ್ಕಿಂತ ಹೆಚ್ಚು ಕೆಲಸ ಅತ್ತ ಸರಿದಿದೆ. ಅದು ನನಗೆ ನೆಮ್ಮದಿ ಕೊಟ್ಟಿದೆ.

ಈ ನಡುವೆ ಕ್ಷೇತ್ರವೇ ತಿರುವು ಪಡೆಯಿತು. 2015ರಲ್ಲಿ ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಹೃದ್ರೋಗವಿದ್ದವರಲ್ಲಿ ಹೃದಯ ಮತ್ತು ರಕ್ತನಾಳದ ಕಾರಣದ ಸಾವನ್ನು ಶೇ. 38ರಷ್ಟು ತಗ್ಗಿಸಿತು. ಮೂತ್ರಪಿಂಡದಲ್ಲಿ ಕೆಲಸ ಮಾಡುವ ಔಷಧಿ ಹೃದಯವನ್ನು ಹೇಗೆ ಕಾಯುತ್ತದೆ? ಹೃದಯದ ಕೋಶದೊಳಗಿನ ಸೋಡಿಯಂ ತಗ್ಗುವುದರಿಂದಲೋ, ತಡವಾಗಿ ಹರಿಯುವ ಸೋಡಿಯಂ ಪ್ರವಾಹ ನಿಲ್ಲುವುದರಿಂದಲೋ ಎಂದು ವಾದ ಇನ್ನೂ ನಡೆದಿದೆ. ನಾವೂ ಒಂದು ತುದಿ ಹಿಡಿದು ಎಳೆಯುತ್ತಿದ್ದೇವೆ. ಅಪ್ಪ ಇದ್ದಿದ್ದರೆ ಈ ಮಾತ್ರೆ ಅವರಿಗೆ ಒಪ್ಪುತ್ತಿತ್ತು ಎಂದು ಆಗಾಗ ಅನಿಸುತ್ತದೆ. ಅವರು 2012ರಲ್ಲೇ ಹೋದರು.

ಹೋದ ವರ್ಷ ಮಳೆಗಾಲದಲ್ಲಿ ಪರಿಚಯದ ಮಕ್ಕಳ ವೈದ್ಯೆಯೊಬ್ಬರು ಫೋನ್ ಮಾಡಿದರು. ಎರಡು ತಿಂಗಳಿಗೇ ಸಕ್ಕರೆ ಕಾಯಿಲೆ ಕಾಣಿಸಿದ ಮಗು, ಜೀನ್ ಪರೀಕ್ಷೆಯ ವರದಿ ಬಂದಿದೆ, ಕಿರ್ 6.2ರಲ್ಲೇ ತಪ್ಪು. "ನೀವು ಇಷ್ಟು ವರ್ಷ ಗಾಜಿನ ತುದಿಯಲ್ಲಿ ನೋಡಿದ್ದನ್ನು ಬಂದು ಕಣ್ಣಾರೆ ನೋಡಿ" ಎಂದರು. ನಾನು ಹೋದೆ.

ವಾರ್ಡಿನಲ್ಲಿ ತಾಯಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತಿದ್ದರು. ಮಗುವಿನ ಎರಡೂ ತೊಡೆಯ ಮೇಲೆ ಸೂಜಿಯ ಚುಕ್ಕೆಗಳು. ನರ್ಸ್ ಬಿಳಿ ಮಾತ್ರೆಯನ್ನು ನಾಲ್ಕಾಗಿ ಮುರಿದು, ಒಂದು ತುಂಡನ್ನು ಸ್ಟೀಲ್ ಚಮಚದಲ್ಲಿ ಇನ್ನೊಂದು ಚಮಚದ ಬೆನ್ನಿನಿಂದ ಅರೆದು, ನೀರು ಬೆರೆಸಿ, ಸೂಜಿ ತೆಗೆದ ಸಿರಿಂಜಿನಲ್ಲಿ ಎಳೆದುಕೊಂಡು ಮಗುವಿನ ಕೆನ್ನೆಯ ಒಳಗೆ ಮೆಲ್ಲನೆ ಬಿಟ್ಟರು. ಮಗು ತುಟಿ ಚಪ್ಪರಿಸಿತು. "ಇಷ್ಟೇ ಸಾಕಾಗುತ್ತದೆಯೇ ಮೇಡಂ?" ಎಂದು ತಾಯಿ ನನ್ನನ್ನು ಕೇಳಿದರು, ನಾನೂ ವೈದ್ಯೆ ಎಂದುಕೊಂಡು. ನಾನು ವೈದ್ಯೆಯ ಮುಖ ನೋಡಿದೆ. ಮುಂದಿನ ದಿನಗಳಲ್ಲಿ ಇನ್ಸುಲಿನ್ ಸ್ವಲ್ಪ ಸ್ವಲ್ಪವೇ ಇಳಿಯಿತು. ಎರಡನೇ ವಾರ ನಾನು ಮತ್ತೆ ಹೋದಾಗ ನಿಂತೇ ಹೋಗಿತ್ತು.

ಮನೆಗೆ ಹೊರಡುವ ದಿನ ಆ ತಾಯಿ ಔಷಧಿ ಚೀಟಿ ಹಿಡಿದು ನಿಂತಿದ್ದರು. ಅದು ಇಂಗ್ಲಿಷಿನಲ್ಲಿತ್ತು. "ಕನ್ನಡದಲ್ಲಿ ಬರೆದುಕೊಡಿ ಮೇಡಂ, ನಮ್ಮ ಅತ್ತೆಯವರೂ ಓದುತ್ತಾರೆ" ಎಂದರು. ವೈದ್ಯೆ ಪ್ರಮಾಣ ಹೇಳುತ್ತಾ ಹೋದರು, ನಾನು ಚೀಟಿಯ ಹಿಂದೆ ದೊಡ್ಡ ಅಕ್ಷರಗಳಲ್ಲಿ ಬರೆದೆ. ಮಾತ್ರೆಯ ಹೆಸರು, ಕಾಲು ತುಂಡು, ಎಷ್ಟು ನೀರು, ಯಾವ ಹೊತ್ತು. ಕೊನೆಯ ಸಾಲನ್ನು ವೈದ್ಯೆ ಹೇಳುವ ಮುಂಚೆಯೇ ಬರೆದಿದ್ದೆ, ಕೆಳಗೆ ಎರಡು ಗೆರೆ ಎಳೆದೆ: ಮಾತ್ರೆ ಕೊಟ್ಟ ಮೇಲೆ ಹಾಲು ಕುಡಿಸದೆ ಇರಬಾರದು.